ರೆಮೇಯ್‌ಳ ಹುಳಿ ದ್ರಾಕ್ಷಿ

ರೆಮೇಯ್ ಹಠಮಾರಿ ಹೆಂಗಸು. ಪ್ರಿಯೊರಾತ್ ಗುಡ್ಡದ ಕಪ್ಪು ಕಲ್ಲುಗಳ ನಡುವೆ ಗಂಡ ಬಿಟ್ಟುಹೋದ ಕರಿನ್ಯೇನ ದ್ರಾಕ್ಷಿಯ ಬಳ್ಳಿಗಳನ್ನು ಒಬ್ಬಳೇ ಉಳಿಸಿಕೊಂಡವಳು. ಅದರ ವೈನ್ ಒಂದನ್ನೇ ಕುಡಿದರೆ ಮುಖ ಹಿಂಡಿಕೊಳ್ಳುತ್ತದೆ, ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ಗರ್ನಾಚ ದ್ರಾಕ್ಷಿಯ ಬಿಸುಪಿಗೂ ಸಿರಾ ದ್ರಾಕ್ಷಿಯ ಕಪ್ಪಿಗೂ ಈ ಹುಳಿ ಬೆರೆಯದಿದ್ದರೆ ಮಿಶ್ರಣಕ್ಕೆ ಬೆನ್ನುಮೂಳೆಯೇ ಇಲ್ಲ ಎಂಬುದು ಅವಳ ವಾದ.

ಊರಿನ ವೈನ್ ಸಹಕಾರ ಸಂಘದ ಅಧ್ಯಕ್ಷ ಅವಳ ಮೈದುನ ಸಿಂತೊ. ಕರಿನ್ಯೇನ ಇನ್ನು ಬೇಡ ಎಂದು ಅವನು ಪಟ್ಟು ಹಿಡಿದಿದ್ದ. ಸಂಘ ಬೇಡವೆಂದರೆ ಬಳ್ಳಿ ಕೀಳುವುದೊಂದೇ ದಾರಿ. ಸಂಘದ ಸಮಿತಿ ರುಚಿ ನೋಡಿ ತೀರ್ಮಾನಿಸಲೆಂದು ಫೆಬ್ರವರಿಯ ಆ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಎರಡು ಮಿಶ್ರಣ ಸಿದ್ಧವಾಗಿದ್ದವು. ಒಂದರಲ್ಲಿ ಅವಳ ದ್ರಾಕ್ಷಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾವುದು ಯಾವುದೆಂದು ಉಗ್ರಾಣದ ಮುದುಕ ಬಿಯೆಲ್‌ಗೆ ಮಾತ್ರ ಗೊತ್ತು.

ಹಲ್ಲು ಕಟಕಟಿಸುವ ಚಳಿ. ಸವರಿದ ಬಳ್ಳಿಕಡ್ಡಿಯ ಕೆಂಡದಲ್ಲಿ ಆರ್ಟಿಚೋಕ್ ಎಂಬ ತರಕಾರಿಯ ಮೊಗ್ಗು ಸುಡುವ ಕಾಲವದು. ರೆಮೇಯ್ ಬುಟ್ಟಿ ತುಂಬ ತಂದಿದ್ದಳು. ಸಮಿತಿಯವರೆಲ್ಲ ಬೆರಳು ಮಸಿ ಮಾಡಿಕೊಂಡು ತಿಂದರು, ಆಮೇಲೆ ಲೋಟ ಎತ್ತಿದರು.

ಎರಡನೆಯದಕ್ಕೆ ಸಿಂತೊನ ಹುಬ್ಬು ಮೇಲೇರಿತು. "ಇದು ಬೆಣ್ಣೆ ಕಣ್ರೋ. ಅತ್ತಿಗೆ, ನಿನ್ನ ದ್ರಾಕ್ಷಿ ಇದರಲ್ಲಿಲ್ಲ ಬಿಡು."

"ಅದರಲ್ಲೇ ಇರೋದು," ಎಂದ ಬಿಯೆಲ್.

ರೆಮೇಯ್‌ಳ ಎದೆ ಹಗುರಾಯಿತು. ತಾನೂ ಒಂದು ಗುಟುಕು ಕುಡಿದಳು. ಸಿಹಿ. ಅವಳ ಕರಿನ್ಯೇನ ಹುಟ್ಟಿದಾರಭ್ಯ ಸಿಹಿಯಾಗಿದ್ದುದಿಲ್ಲ. ಕಣ್ಣು ಬೂದಿಯ ಪಕ್ಕದ ಆರ್ಟಿಚೋಕ್ ಸಿಪ್ಪೆಗಳ ಮೇಲೆ ಬಿತ್ತು. ಅದನ್ನು ತಿಂದ ಬಾಯಿಗೆ ನೀರೂ ಸಿಹಿ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಚಳಿಯಲ್ಲಿ ಎಲ್ಲರೂ ಮರೆತಿದ್ದರು.

ಸುಮ್ಮನಿದ್ದರೆ ಬಳ್ಳಿ ಉಳಿಯುತ್ತಿತ್ತು. ಆದರೆ ತನ್ನ ಬಳ್ಳಿಗೆ ಇಲ್ಲದ ಗುಣ ಹೊರಿಸಿ ಹೊಗಳಿಸಿಕೊಳ್ಳುವುದು ಅವಳಿಗೆ ನಾಚಿಕೆಯೆನಿಸಿತು.

"ಸಿಂತೊ, ಒಂದು ಗುಟುಕು ನೀರು ಕುಡಿ."

ಕುಡಿದವನ ಮುಖ ಬಿಗಿಯಿತು. "ನಮ್ಮನ್ನ ಮಂಗ ಮಾಡೋಕೆ ತಂದ್ಯಾ ಈ ಬುಟ್ಟೀನ?"

"ಹಾಗಿದ್ರೆ ನಾನೇ ಬಾಯಿ ಬಿಡ್ತಿದ್ನಾ? ಮಧ್ಯಾಹ್ನ ಊಟಕ್ಕೆ ಎರಡನ್ನೂ ಇಡಿ. ಆಗ ಹೇಳಿ."

ಊಟಕ್ಕೆ ಸುಟ್ಟ ಕುರಿಮಾಂಸ, ಎಣ್ಣೆ ಸುರಿದ ಬ್ರೆಡ್ಡು. ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಗಾಜಿನ ಹೂಜಿಗಳು ಎರಡು. ತುಂಬಿಸಿದ ಬಿಯೆಲ್ ಯಾವುದರಲ್ಲಿ ಯಾವುದೆಂದು ಹೇಳಲಿಲ್ಲ. ವಾಸನೆಯಲ್ಲೇ ರೆಮೇಯ್‌ಗೆ ತನ್ನದು ಯಾವುದೆಂದು ತಿಳಿಯಿತು. ಮೊದಲು ಎಲ್ಲರೂ ಹೊಗಳಿದ್ದು ಇನ್ನೊಂದನ್ನು. "ಅಂಜೂರದ ಪಾಕ ಇದ್ದಂಗಿದೆ," ಎಂದ ಸಿಂತೊ. ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟುಬಿಟ್ಟಳು.

ಮಾಂಸದ ಜಿಡ್ಡು ಏರುತ್ತ ಹೋಯಿತು. ಮಾತು ರಸ್ತೆ ಗುಂಡಿಗೆ, ಕಾಡುಹಂದಿಗಳ ಕಾಟಕ್ಕೆ ಹೊರಳಿತು. ಯಾರೂ ಯೋಚಿಸದೆಯೇ ಕೈಗಳು ಅವಳ ದ್ರಾಕ್ಷಿಯಿದ್ದ ಹೂಜಿಯ ಕಡೆಗೆ ಹೋಗತೊಡಗಿದವು. ಯಾರನ್ನೋ ಬೈಯುತ್ತಲೇ ಸಿಂತೊ ಅದನ್ನೆತ್ತಿದ, ಮತ್ತೆ ಎತ್ತಿದ. ಕೊನೆಗೆ ಹನಿಯಷ್ಟೇ ಬಿತ್ತು.

"ಬಿಯೆಲ್, ಇದನ್ನೇ ಇನ್ನಷ್ಟು ತಾರಪ್ಪ."

ಬಿಯೆಲ್ ಕದಲಲಿಲ್ಲ, ರೆಮೇಯ್‌ಳನ್ನು ನೋಡಿದ. ಸಿಂತೊ ಕೈಯಲ್ಲಿದ್ದ ಖಾಲಿ ಹೂಜಿಯನ್ನು ನೋಡಿದ, ಅರ್ಧ ಉಳಿದಿದ್ದ ಇನ್ನೊಂದನ್ನು ನೋಡಿದ.

"ಬಳ್ಳಿ ಸವರಿ ಮುಗೀತಾ ಅತ್ತಿಗೆ?"

"ಶುರುನೇ ಮಾಡಿಲ್ಲ. ಕೀಳೋ ಬಳ್ಳೀನ ಯಾರು ಸವರ್ತಾರೆ?"

"ನಾಳೆ ಕತ್ತರಿ ತಗೊಂಡು ನಾನೂ ಬರ್ತೀನಿ."

ಬಿಯೆಲ್ ತುಂಬಿಸಿ ತಂದ ಹೂಜಿಯನ್ನು ಮೊದಲು ಅವಳ ಕೈಗೇ ಕೊಟ್ಟ. ಚಿಕ್ಕಂದಿನಿಂದ ಒಂದು ಹನಿಯೂ ಚೆಲ್ಲದವಳು ಎತ್ತಿದಾಗ ಧಾರೆ ಗುರಿ ತಪ್ಪಿತು, ವೈನ್ ಗಲ್ಲದಿಂದಿಳಿದು ಏಪ್ರನ್ ಅನ್ನೆಲ್ಲ ಕೆಂಪು ಮಾಡಿತು. ಯಾರೂ ನಗಲಿಲ್ಲ.