ಗಾಳಿ ಕೊಯ್ದ ಕಾಕಾ

ಆಗ ದಾಂಡೇಲಿಯಲ್ಲಿ ಕೆಲಸ ಕೇಳಿಕೊಂಡು ಹೋಗಬೇಕಾಗಿರಲಿಲ್ಲ. ಕೆಲಸವೇ ಬಾಗಿಲಿಗೆ ಬಂದು ಕರೆಯುತ್ತಿತ್ತು. ಕಾಗದದ ಕಾರ್ಖಾನೆ ಏಳುತ್ತಿತ್ತು, ಸುತ್ತ ಕೂಲಿಕಾರರ ಚಾಳುಗಳು ಏಳುತ್ತಿದ್ದವು, ಎಲ್ಲದಕ್ಕೂ ಹಲಗೆ ಬೇಕಿತ್ತು. ಹಳಿಯಾಳದ ಕಡೆಯ ಹಳ್ಳಿಯಿಂದ ನಾವು ಬಂದದ್ದೂ ಅದಕ್ಕೇ. ನನಗಾಗ ಒಂಬತ್ತು ವರ್ಷ. ಅಪ್ಪ ಕಟ್ಟಿಗೆ ಡಿಪೋದಲ್ಲಿ ಹಮಾಲ. ಅವನ ತಮ್ಮ ಬಸಣ್ಣ ಕಾಕಾ ದಿಮ್ಮಿ ಕೊಯ್ಯುವವ. ಎತ್ತರದ ಅಟ್ಟದ ಮೇಲೆ ದಿಮ್ಮಿ ಇಟ್ಟು, ಮೇಲೆ ಕಾಕಾ, ಕೆಳಗೆ ಜೋಯಿಡಾದ ವಿಠೂ, ಆಳುದ್ದದ ಗರಗಸ ಎಳೆಯುತ್ತಿದ್ದರು. ಸಂಜೆ ಕಾಕಾ ಬಂದರೆ ಮನೆಯೆಲ್ಲ ಸಾಗವಾನಿ ಹೊಟ್ಟಿನ ವಾಸನೆ. ಕಿಸೆಯಲ್ಲಿ ನನಗೆ ಶುಂಠಿ-ಬೆಲ್ಲದ ಅಲ್ಲೀಪಾಕ.

ಅದರ ಜೊತೆ ಇನ್ನೊಂದು ವಾಸನೆಯೂ ಇತ್ತು. ಕೊಯ್ಯುವವರು ಕೆಲಸ ಬಿಟ್ಟ ಮೇಲೆ ಕಾಳಿ ಹೊಳೆಯ ದಂಡೆಗೆ ಕೂತು ಗಾಂಜಾ ಚಿಲುಮೆ ಎಳೆಯುತ್ತಿದ್ದರು. ಸಿಕ್ಕರೆ ಪೊಲೀಸರು ಒಯ್ಯುತ್ತಾರೆಂದು ನಮ್ಮ ಚಾಳಿಗೆಲ್ಲ ಗೊತ್ತು.

"ಮೈ ನೋವಿಗೆ ವೈನಿ, ಒಂದ ದಮ್ಮು ಅಷ್ಟ," ಎನ್ನುತ್ತಿದ್ದ ಕಾಕಾ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ನಾಲ್ಕು ರೊಟ್ಟಿ ತಿಂದು, ನಮ್ಮೊಡನೆ ಚೌಕಾಬಾರಕ್ಕೆ ಕೂತು, ಮೋಸ ಮಾಡಿ ಸಿಕ್ಕಿಬಿದ್ದು ನಗುತ್ತಿದ್ದ.

ಕಾರ್ಖಾನೆ ಕಟ್ಟಿ ಮುಗಿಯಿತು. ಯಂತ್ರದ ಗರಗಸ ಬಂತು. ಕೈಯಿಂದ ಕೊಯ್ಯುವವರನ್ನು ಯಾರೂ ಕರೆಯಲಿಲ್ಲ. ವಿಠೂ ಊರಿಗೆ ಹೋದ. ಕಾಕಾ ದಿನಾ ಗರಗಸಕ್ಕೆ ಅರ ಹಾಕಿ, ಎಣ್ಣೆ ಸವರಿ, ಬಾಗಿಲಲ್ಲಿ ಕೂರುತ್ತಿದ್ದ. ಕೆಲಸ ತಪ್ಪಿದ ಎಲ್ಲರಂತೆ ಅವನ ಸಂಜೆಯ ಚಿಲುಮೆಯೂ ಮುಂಜಾನೆಗೆ ಬಂತು. ಕೈಯಲ್ಲಿ ದುಡ್ಡಿಲ್ಲದ್ದಕ್ಕೆ ಅಗ್ಗದ್ದನ್ನು ಹುಡುಕಿದ. ಮಾರುವವನು ಅದರಲ್ಲಿ ಮದಗುಣಕಿ, ಅಂದರೆ ದತ್ತೂರಿ ಬೀಜ, ಕುಟ್ಟಿ ಬೆರೆಸುತ್ತಿದ್ದನಂತೆ. ನಮಗದು ಗೊತ್ತಾದದ್ದು ಆಮೇಲೆ.

ಒಂದು ಮಧ್ಯಾಹ್ನ ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು. ಕಾಕಾ ಹೊರಬಂದು ಕಟ್ಟೆ ಹತ್ತಿ ನಿಂತ. ಎರಡೂ ಕೈ ಮುಷ್ಟಿ ಹಿಡಿದು ಬರಿಗಾಳಿಯನ್ನು ಕೊಯ್ಯತೊಡಗಿದ.

"ವಿಠೂ, ಎಳಿಯೋ! ಯಾಕ ನಿಂತಿ? ಹೊತ್ತು ಹೊಂಟೈತಿ!"

ಆಟವೆಂದುಕೊಂಡು ಎಲ್ಲರೂ ನಕ್ಕರು. ನಾನು ಕಟ್ಟೆಯ ಕೆಳಗೆ ಹೋಗಿ ಕೈ ಎತ್ತಿ, "ಎಳದ್ನಿ ನೋಡು ಕಾಕಾ!" ಎಂದೆ.

ಅವನು ಬಗ್ಗಿ ನೋಡಿದ. ಕಣ್ಣಿನ ತುಂಬ ಕಪ್ಪೇ ಕಪ್ಪು.

"ಯಾರ ನೀ? ವಿಠೂ ಎಲ್ಲಿ?" ಎಂದವನು ಕಟ್ಟೆಯಿಂದ ಉರುಳಿಬಿದ್ದ.

ಅವ್ವ ಓಡಿ ಬಂದು ಹಣೆ ಮುಟ್ಟಿದಳು. "ನಗಬ್ಯಾಡ್ರೇ! ಮೈ ಕೆಂಡ ಆಗೇತಿ. ಗಾಡಿ ಹೂಡಾಕ ಹೇಳ್ರಿ!"

ಆಸ್ಪತ್ರೆಯಲ್ಲಿ ಎರಡು ದಿನ ಅವನ ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಲೇ ಇದ್ದವು. ಮೂರನೆಯ ದಿನ ನನ್ನ ಗುರುತು ಹಿಡಿದ.

"ಗಂಗೂ, ನಾ ಏನರ ಮಾಡಿದ್ನೇನ?"

"ಇಲ್ಲ ಕಾಕಾ. ಮಲಗಿದ್ದಿ."

ಅವನು ನಂಬಿದ. ಆದರೆ ಚಾಳಿನ ಹುಡುಗರು ಅವನನ್ನು ಕಂಡಾಗಲೆಲ್ಲ ಗಾಳಿ ಕೊಯ್ದು ತೋರಿಸುತ್ತಿದ್ದರು.

ಮರುವರ್ಷ ಯಂತ್ರ ಹೋಗದ ಕಾಡಿನಲ್ಲಿ ರೈಲು ಹಳಿಯ ಕೆಳಗೆ ಹಾಸುವ ಅಡಿಮರ ಕೊಯ್ಯುವ ಕೆಲಸ ಎದ್ದಿತು. ಕರೆಯಲು ವಿಠೂನೇ ಬಂದ.

"ನಡಿಯೋ ಬಸಣ್ಣಾ, ಹೋಗೂಣು."

ಕಾಕಾ ಗರಗಸದ ಹಲ್ಲಿನ ಮೇಲೆ ಬೆರಳಾಡಿಸಿದ. "ಮ್ಯಾಲ ನಿಂತರ, ಕೆಳಗ ನೀ ಖರೇನ ಅದಿಯೋ ಇಲ್ಲೋ ಅಂತ ನನಗ ನಂಬಿಗಿ ಬರೂದಿಲ್ಲೋ."

ವಿಠೂ ಒಬ್ಬನೇ ಹೋದ. ಕೆಲಸ ಬಂದದ್ದೇ, ಉಳಿದ ಕೊಯ್ಯುವವರ ಚಿಲುಮೆ ಸಂಜೆಗೆ ಮರಳಿತು. ಕಾಕಾನದು ಮುಂಜಾನೆಯಲ್ಲೇ ಉಳಿಯಿತು. ಮೂರು ಮಳೆಗಾಲ ತಾಳಿದ. ತೀರಿಕೊಂಡಾಗ ನಲವತ್ತೂ ತುಂಬಿರಲಿಲ್ಲ.

ಆಮೇಲೆ ಊರಲ್ಲಿ ಕೆಲಸ ಎಷ್ಟೋ ಸಲ ಬಂತು, ಎಷ್ಟೋ ಸಲ ಹೋಯಿತು. ಪ್ರತಿ ಸಲ ಯಾವುದೋ ಮನೆಯ ಒಬ್ಬರು ಹೀಗೆ ಹಿಂದೆ ಉಳಿದದ್ದನ್ನು ನೋಡಿ ನೋಡಿ ನನಗೂ ಸಾಕಾಗಿದೆ. ಆ ಚಾಳು ಈಗಿಲ್ಲ. ಹಳಬರು ಯಾರಾದರೂ ಕಾಕಾನನ್ನು ನೆನೆದರೆ "ಗಾಂಜಾ ಬಸ್ಯಾ" ಎನ್ನುತ್ತಾರೆ. ಅವನು ಕೊಯ್ದ ಹಲಗೆ ದಾರ ಹಿಡಿದಷ್ಟು ನೇರ ಇರುತ್ತಿತ್ತು ಎನ್ನುವವರು ಯಾರೂ ಉಳಿದಿಲ್ಲ.