ಒಂದೇ ದಾರಿ, ಒಂಬತ್ತು ಸೆಕೆಂಡು

ಬೆಳಗಿನ ಐದು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಎರಡನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಐವತ್ಮೂರು ವರ್ಷದ ಮಹಿಳೆಯೊಬ್ಬರು ಕಂಪ್ಯೂಟರ್ ಮುಂದೆ ಕೂತು, ಯಾರೋ ಆಡಿ ಮುಗಿಸಿದ ಚೆಸ್ ಆಟವನ್ನು ಒಂದೊಂದೇ ನಡೆಯಾಗಿ ಮತ್ತೆ ನೋಡುತ್ತಿದ್ದಾರೆ. ಪಕ್ಕದಲ್ಲಿಟ್ಟ ಚಹಾ ಆಗಲೇ ತಣ್ಣಗಾಗಿದೆ.

"ಇವನು ಪಾಪ, ಪ್ರಾಮಾಣಿಕ," ಎಂದು ನಗುತ್ತಾರೆ. "ಇಷ್ಟೊಂದು ದಡ್ಡತನ ಯಂತ್ರಕ್ಕೆ ಬರಲ್ಲ ರೀ."

ಆನ್‌ಲೈನ್ ಚೆಸ್ ಆಡಿಸುವ ಸಂಸ್ಥೆಯೊಂದಕ್ಕೆ ಇವರು ಕಳ್ಳಾಟ ಹಿಡಿದುಕೊಡುವವರು. ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು, ಕಂಪ್ಯೂಟರ್ ಹೇಳಿಕೊಟ್ಟ ನಡೆಯನ್ನೇ ತಮ್ಮ ಬುದ್ಧಿವಂತಿಕೆ ಎಂಬಂತೆ ಆಡುವವರಿಗೇನೂ ಬರವಿಲ್ಲ. ಅನುಮಾನ ಹುಟ್ಟಿಸಿದ ಆಟಗಳು ಆಟಗಾರರ ಹೆಸರಿಲ್ಲದೆ, ಬರೀ ಸಂಖ್ಯೆ ಹೊತ್ತು ಇವರ ಮುಂದೆ ಬರುತ್ತವೆ. ದಿನಕ್ಕೆ ನಲವತ್ತು. ಎಂಟು ಗಂಟೆಗೆ ಪಂದ್ಯಾವಳಿ ಶುರುವಾಗುವುದರೊಳಗೆ ಎಲ್ಲಕ್ಕೂ ತೀರ್ಪು ಕೊಡಬೇಕು. ನಾಲ್ಕೈದು ಮಂದಿ ಸಿಕ್ಕಿಬೀಳುತ್ತಾರೆ, ಅವರ ಖಾತೆ ಮುಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೈಗುಳದ ಪತ್ರಗಳು ಬರುತ್ತವೆ.

ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅಚ್ಚುಕೂಟ ಬಾಗಿಲು ಹಾಕಿದಾಗ, ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ ಚೆಸ್ ಕೈಹಿಡಿಯಿತು. "ಅಲ್ಲಿ ತಪ್ಪಿದ್ರೆ ಗುರುತು ಹಾಕ್ತಿದ್ದೆ. ಇಲ್ಲಿ ತಪ್ಪೇ ಇಲ್ದಿದ್ರೆ ಗುರುತು ಹಾಕ್ತೀನಿ," ಎನ್ನುತ್ತಾರೆ.

ಜೊತೆಯವರು ಇವರಿಗಿಟ್ಟ ಹೆಸರು ಗಡಿಯಾರದಕ್ಕ. ನಡೆ ಹೇಗಿದೆ ಎನ್ನುವುದಕ್ಕಿಂತ ಮೊದಲು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು ಇವರ ಪದ್ಧತಿ. ಮನುಷ್ಯನಾದವನು ಸುಲಭದ ನಡೆಯನ್ನು ಥಟ್ಟನೆ ಆಡುತ್ತಾನೆ, ಕಷ್ಟ ಬಂದಾಗ ತಲೆ ಕೆರೆದುಕೊಳ್ಳುತ್ತಾನೆ. ಕಳ್ಳನಿಗೆ ಎಲ್ಲವೂ ಒಂದೇ. ಪ್ರತಿ ನಡೆಯನ್ನೂ ಇನ್ನೊಂದು ಫೋನಿನಲ್ಲಿ ಒತ್ತಿ, ಉತ್ತರ ನೋಡಿ ಆಡಬೇಕಲ್ಲ!

ಹೋದ ವರ್ಷ ಹೀಗೇ ಒಂದು ಬೆಳಿಗ್ಗೆ ಬಂದ ಆಟದಲ್ಲಿ, ಮೊದಲ ನಡೆಗೇ ಯಾರೋ ಬಲತುದಿಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದ್ದರು. ಹಾಗೆ ಶುರು ಮಾಡುವವರು ಅಪರೂಪ. ಆದರೆ ಈ ಮನೆಯಲ್ಲೇ ಒಬ್ಬರಿದ್ದಾರೆ. "ರಾಜನಿಗೆ ಸ್ವಲ್ಪ ಗಾಳಿ ಬೇಕಮ್ಮ" ಎಂದು ಮಗಳಿಗೂ ಅದನ್ನೇ ಕಲಿಸಲು ನೋಡಿದ್ದ, ಇದೇ ಸಂಸ್ಥೆಯಲ್ಲಿ ದಿನವೂ ಚೆಸ್ ಆಡುವ ಎಂಬತ್ತೊಂದರ ಅಪ್ಪ.

ಗಡಿಯಾರ ನೋಡಿದರು. ಆ ಮೊದಲ ನಡೆ ಬಿಟ್ಟರೆ ಪ್ರತಿ ನಡೆಗೂ ಒಂಬತ್ತು ಸೆಕೆಂಡು. ಒಂದು ಕಡೆ ರಾಜನಿಗೆ ಚೆಕ್ ಬಿದ್ದಿದೆ, ತಪ್ಪಿಸಿಕೊಳ್ಳಲು ಇರುವುದು ಒಂದೇ ಮನೆ. ಅಲ್ಲೂ ಒಂಬತ್ತು. "ಇರೋದೇ ಒಂದು ದಾರಿ. ಅದಕ್ಕೆ ಒಂಬತ್ತು ಸೆಕೆಂಡು ಯೋಚನೆ ಮಾಡೋದು ಏನಿರುತ್ತೆ ಹೇಳಿ?" ಎಂದು ಕೇಳುವಾಗ ಇವತ್ತಿಗೂ ಇವರ ದನಿ ಸಣ್ಣದಾಗುತ್ತದೆ.

'ಸಂದೇಹವಿಲ್ಲ' ಎಂದು ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಅಪ್ಪನಿಗೆ ಆ ಆಟ, ಅಲ್ಲಿಯ ಗೆಳೆಯರು ಬಿಟ್ಟರೆ ಬೇರೆ ಹೊತ್ತುಹೋಗುವ ದಾರಿಯಿಲ್ಲ. ಪಕ್ಕದ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು. ಆಟವನ್ನು ಮೊದಲಿಂದ ಇನ್ನೊಮ್ಮೆ ನೋಡಿದರು. ಆಮೇಲೆ ಮೇಲಿನವರಿಗೆ ಬರೆದರು: "ಇದು ನಮ್ಮಪ್ಪನ ಆಟ. ಬೇರೆ ಯಾರಾದರೂ ನೋಡಲಿ. ದಯವಿಟ್ಟು ಗಡಿಯಾರ ನೋಡಿ." ಏಳೂವರೆಗೆ ಅಪ್ಪನ ಖಾತೆ ಮುಚ್ಚಿತು.

ಎರಡು ದಿನ ಅಪ್ಪ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮೂರನೇ ಬೆಳಿಗ್ಗೆ ಅಪ್ಪ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಮೂರು ತಿಂಗಳಿಂದ ಒಂದೂ ಗೆದ್ದಿರ್ಲಿಲ್ಲಮ್ಮ. ನೆನಪು ಕೈಕೊಡ್ತಿದೆ. ಗೆದ್ದೆ ಅಂತ ನಿನಗೊಂದು ಸಲ ಹೇಳ್ಬೇಕಿತ್ತು, ಅಷ್ಟೇ." ಮಗಳು ಅತ್ತರು. ಅಪ್ಪನೂ ಅತ್ತರು.

ತಪ್ಪನ್ನು ಬರೆದು ಒಪ್ಪಿಕೊಂಡವರಿಗೆ ಸಂಸ್ಥೆ ಒಂದೇ ಒಂದು ಸಲ ಹೊಸ ಖಾತೆ ಕೊಡುತ್ತದೆ. ಅಪ್ಪ ಒಂದು ಪುಟ ಬರೆದರು. ಅದರಲ್ಲಿ ಏಳು ತಪ್ಪುಗಳಿದ್ದವು. ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಮಗಳು ಒಂದಕ್ಷರವನ್ನೂ ಮುಟ್ಟದೆ ಕಳಿಸಿದರು.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದರೆ ಅಪ್ಪನಿಗೆ ಹುಮ್ಮಸ್ಸು. "ಧಾರಾಳವಾಗಿ ಬರೀರಿ! ಹೆತ್ತಪ್ಪನ್ನೂ ಬಿಡ್ಲಿಲ್ಲ ಅಂತ ಬರೀರಿ. ಎಷ್ಟು ಜನಕ್ಕೆ ಇಂಥ ಮಗಳಿದ್ದಾಳೆ?"

ಹೊಸ ಖಾತೆಯಲ್ಲಿ ಅವರು ಈವರೆಗೆ ಅರವತ್ತೊಂದು ಆಟ ಆಡಿದ್ದಾರೆ. ಗೆದ್ದದ್ದು ಎರಡು. ನಿಮ್ಮದೇನಾದರೂ ಆಸೆ ಇದೆಯೇ ಎಂದರೆ ಗಡಿಯಾರದಕ್ಕನ ಉತ್ತರ ಇಷ್ಟೇ: "ಅಪ್ಪ ಹೀಗೇ ಆಡ್ತಾ ಇರ್ಲಿ. ಇನ್ನೇನು ಬೇಕು?"

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೂಗು. "ಮಗಳೇ, ಮತ್ತೆ ಸೋತೆ ಕಣಮ್ಮ!"

ಇನ್ನೂ ಹನ್ನೊಂದು ಆಟಗಳ ತೀರ್ಪು ಬಾಕಿಯಿದೆ. ಆದರೂ ಮಗಳು ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದಿಡುತ್ತಾರೆ.

"ಹೇಗೆ ಸೋತೆ? ಬಾ ಅಪ್ಪ, ಮೊದಲಿಂದ ತೋರ್ಸು."