ಬಾನಿಯೊಳಗೆ ಬಿದ್ದ ಬಿಸಿಲು

ಮೊನ್ನೆ ದೇವರ ಪೆಟ್ಟಿಗೆಯನ್ನು ಒರೆಸುವಾಗ ಸಾಲಿಗ್ರಾಮದ ಸಂಪುಟದ ಕೆಳಗೆ ಒಂದು ದುಂಡನೆಯ ಕೈಗನ್ನಡಿ ಸಿಕ್ಕಿತು. ನಮ್ಮ ಮನೆಯಲ್ಲಿ ಅದರಲ್ಲಿ ಯಾರೂ ಮುಖ ನೋಡಿಕೊಂಡವರಲ್ಲ...

ಅದು ಆರೋಗ್ಯ ಖಾತೆಯ ಇನ್ಸ್‌ಪೆಕ್ಟರರದು. ಐವತ್ತರ ದಶಕದ ಒಂದು ಬೇಸಿಗೆ ಅವರು ಗಜೇಂದ್ರಗಡದ ನಮ್ಮ ಓಣಿಯ ತುದಿಯಲ್ಲಿ ಬಾಡಿಗೆಗಿದ್ದರು. ಮನೆಮನೆಗೂ ಹೋಗಿ ಸೊಳ್ಳೆಯ ಮರಿ ಹುಡುಕುತ್ತಿದ್ದ ಅವರನ್ನು ಜನ, ಸೊಳ್ಳೆಗೆ ನಮ್ಮ ಕಡೆ ಅನ್ನುವ ಹೆಸರಿನಿಂದಲೇ, ಗುಂಗಾಡ ಸಾಹೇಬರೆಂದು ಕರೆದು ನಗುತ್ತಿದ್ದರು. ಅವರೂ ನಗುತ್ತಿದ್ದರು.

ಆಗ ಓಣಿಯಲ್ಲಿ ಎಲುಬು ಮುರಿದಂತೆ ನೋಯಿಸುವ ಜ್ವರ ಹಬ್ಬಿತ್ತು. ಜ್ವರದಲ್ಲಿ ಮಲಗಿ ಎದ್ದ ನನ್ನ ತಂಗಿ ಗೋಡೆ ಹಿಡಿಯದೆ ನಡೆಯಲಾರದಾಗಿದ್ದಳು. ನನ್ನ ಹೆಂಡತಿಗೆ ಏಳು ತಿಂಗಳು. ಜ್ವರ ಅವಳಿಗೂ ಬಂದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟವೆಂದು ಸೂಲಗಿತ್ತಿ ಹೇಳಿಹೋಗಿದ್ದಳು. ನಾನು ಧನ್ವಂತರಿಯ ಜಪಕ್ಕೆ ಕುಳಿತೆ.

ಇನ್ಸ್‌ಪೆಕ್ಟರರು ಅಂಗಳದಲ್ಲಿ ನಿಂತು ತಿಳಿಸಿದರು: ಕಣ್ಣಿಗೆ ಕಾಣದ ವೈರಾಣುವೊಂದನ್ನು ಸೊಳ್ಳೆ ಒಬ್ಬರ ರಕ್ತದಿಂದ ಮತ್ತೊಬ್ಬರ ರಕ್ತಕ್ಕೆ ಒಯ್ಯುತ್ತದೆ, ಆ ಸೊಳ್ಳೆ ಹುಟ್ಟುವುದು ನಿಂತ ತಿಳಿನೀರಿನಲ್ಲಿ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಡಿನೀರಿನ ಕಲ್ಲಿನ ಬಾನಿಯಿತ್ತು. ಅದನ್ನು ಬರಿದು ಮಾಡಬಾರದೆಂಬುದು ಮನೆಯ ಪದ್ಧತಿ. ಉಳಿದ ನೀರಿನ ಮೇಲೆಯೇ ಅವ್ವ ದಿನವೂ ಹೊಸ ನೀರು ಸುರಿಯುತ್ತಿದ್ದಳು. ಪರರು ಅದನ್ನು ಮುಟ್ಟುವಂತಿರಲಿಲ್ಲ.

"ಮಡಿನೀರಾಗ ಹುಳಾ ಇರ್ತಾವೇನ್ರಿ?" ಎಂದಳು ಅವ್ವ.

ಅವರು ವಾದಿಸಲಿಲ್ಲ. ಚಪ್ಪಲಿ ಕಳಚಿ, ಜೇಬಿನ ಕನ್ನಡಿಯನ್ನು ತಲೆಯ ಮೇಲಕ್ಕೆತ್ತಿ ಬಿಸಿಲಿಗೆ ಹಿಡಿದರು. ಬೆಳಕಿನ ಬಿಲ್ಲೆಯೊಂದು ಹೊಸ್ತಿಲು ದಾಟಿ, ಪಡಸಾಲೆ ದಾಟಿ, ನಡುಗುತ್ತ ಬಾನಿಯೊಳಗೆ ಇಳಿಯಿತು.

"ನಾ ಒಳಗ ಬರೂದಿಲ್ಲರಿ ಅವ್ವಾರ. ಬಿಸಿಲಿಗೆ ಮೈಲಿಗಿ ಇಲ್ಲಲ್ಲ? ನೀವ ಬಗ್ಗಿ ನೋಡ್ರಿ."

ಅವ್ವ ಬಗ್ಗಿದಳು. ಕೂದಲೆಳೆಯಂಥ ಹುಳುಗಳು ಬೆಳಕಿಗೆ ಬೆದರಿ ತಳಕ್ಕೆ ಇಳಿಯುತ್ತಿದ್ದವು. "ಇದ ನೀರು ದೇವರಿಗೆ ಎರದೇನಲ್ಲೋ..." ಎಂದಳು ನನಗೆ.

"ದೇವರಿಗೇನು ಜ್ವರಾ ಬರೂದಿಲ್ಲರಿ, ಸೊಸಿಗೆ ಬರ್ತದ," ಎಂದರು ಅವರು. "ಹಳ್ಳಕ್ಕ ಚೆಲ್ಲಬ್ಯಾಡ್ರಿ, ತುಳಸಿಗೆ ಹಾಕ್ರಿ. ವಾರಕ್ಕೊಮ್ಮೆ ಬಾನಿ ತಿಕ್ಕಿ ಒಣಗಸ್ರಿ."

ಪಾಠಶಾಲೆಯಲ್ಲಿ ವರ್ಷಗಟ್ಟಲೆ ತರ್ಕ ಓದಿದ್ದ ನನಗೆ, ಒಬ್ಬರ ಆಚಾರವನ್ನು ನೋಯಿಸದೆ ಅವರ ಕಣ್ಣು ತೆರೆಸುವ ಆ ವಿದ್ಯೆ ಬಂದಿರಲಿಲ್ಲ. ಅಂದೇ ಮಧ್ಯಾಹ್ನ ಅವ್ವ ಕೊಡಕೊಡವಾಗಿ ನೀರು ಎತ್ತಿ ತುಳಸಿಗೆ ಹಾಕಿದಳು. ಮೊದಲ ಬಾರಿಗೆ ಬಾನಿಯ ತಳ ಕಂಡೆ.

ಕೆಲವು ದಿನಗಳಲ್ಲೇ ಅದೇ ಜ್ವರ ಇನ್ಸ್‌ಪೆಕ್ಟರರಿಗೇ ಬಂತು. ಊರಲ್ಲಿ ಅವರಿಗೆ ತಮ್ಮವರೆಂಬುವರಿರಲಿಲ್ಲ. ಬಾನಿಯ ನೀರನ್ನು ಹೊಸ್ತಿಲಾಚೆ ಎಂದೂ ಕೊಡದ ಅವ್ವ, ತಂಬಿಗೆ ತುಂಬಿಕೊಂಡು ಓಣಿಯ ತುದಿಗೆ ನಡೆದಳು. ತಾನೇ ಕುಡಿಸಿ ಬಂದಳು, ಮರುದಿನವೂ ಹೋದಳು.

ಅವರು ಎದ್ದರು. ಆದರೆ ಮಳೆಗಾಲಕ್ಕೆ ಮುಂಚೆಯೇ ವರ್ಗವಾಯಿತು. ಹೊರಡುವ ದಿನ ಕನ್ನಡಿಯನ್ನು ಅವ್ವನ ಮುಂದೆ, ನೆಲದ ಮೇಲೆ ಇಟ್ಟು ಕೈಮುಗಿದರು. ಶ್ರಾವಣದಲ್ಲಿ ನನಗೆ ಮಗಳು ಹುಟ್ಟಿದಳು. ತಾಯಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. ಅವರಿಗೆ ತಿಳಿಸಲು ಬರೆದ ಕಾಗದ ವಿಳಾಸವಿಲ್ಲದೆ ಉಳಿಯಿತು... ಕೇಳಿಟ್ಟುಕೊಳ್ಳದ ತಪ್ಪು ನನ್ನದೇ.

ಈಗ ಅವ್ವನಿಲ್ಲ, ಬಾನಿಯೂ ಇಲ್ಲ. ಅವರೂ ಇರಲಾರರು. ಮೊನ್ನೆ ಅಂಗಳಕ್ಕೆ ಹೋಗಿ ಕನ್ನಡಿಯನ್ನು ಬಿಸಿಲಿಗೆ ಹಿಡಿದೆ. ಹಿಂಬದಿಯ ಲೇಪ ಕಳಚಿದೆ. ಬೆಳಕು ಹೊಸ್ತಿಲವರೆಗೂ ಹೋಗಲಿಲ್ಲ. ಒರೆಸಿ, ಸಂಪುಟದ ಕೆಳಗೆ, ಅವ್ವ ಇಟ್ಟಲ್ಲೇ ಇಟ್ಟೆ.